ನೊಣದಮ್ಮನ ಹೆಗಲ ಬಟ್ಟೆ

ತೋಟದಲ್ಲಿ ಅವಳನ್ನು ಎಲ್ಲರೂ ಕರೆಯುವುದು ನೊಣದಮ್ಮ ಎಂದೇ. ಹೊರದೇಶಕ್ಕೆ ಕಿತ್ತಳೆ ಕಳಿಸುವ ತೋಟ. ಹಣ್ಣುನೊಣ ಹಿಡಿಯುವ ಮೋಹಕ ಬಲೆಗಳೆಲ್ಲ ಅವಳ ಸುಪರ್ದಿಗೆ. ಕೊಂಬೆಗೆ ತೂಗುಹಾಕಿದ ಡಬ್ಬಿಯೊಳಗೆ ಒಂದೆರಡು ಹನಿ ಮದ್ದು ಬಿಟ್ಟರೆ ಸಾಕು, ಗಂಡು ನೊಣಗಳು ವಾಸನೆಗೆ ಮರುಳಾಗಿ ಬಂದು ಬೀಳುತ್ತವೆ. ಗಂಡುಗಳೇ ಇಲ್ಲದ ಮೇಲೆ ಹಣ್ಣಿನೊಳಗೆ ಹುಳ ಎಲ್ಲಿಂದ ಬರಬೇಕು?

"ಗಂಡಸರ ತಲೆ ಕೆಡಿಸೋದೇ ನಿನ್ನ ಉದ್ಯೋಗ" ಎಂದು ವಾರಗಿತ್ತಿ ಛೇಡಿಸುತ್ತಿದ್ದಳು. ಪ್ಯಾಕಿಂಗ್ ಶೆಡ್ಡಿನ ಯಜಮಾನಿಕೆ ಆಕೆಯದು.

"ಆರು ಕಾಲಿನ ಗಂಡಸರು ಅಕ್ಕ, ಪರವಾಗಿಲ್ಲ."

ಮದ್ದು ಮುಟ್ಟಿದವರು ಸ್ನಾನ ಮಾಡದೆ, ಬಟ್ಟೆ ಬದಲಿಸದೆ ಶೆಡ್ಡಿಗೆ ಕಾಲಿಡುವಂತಿಲ್ಲ. ಅಂದು ರಫ್ತಿಗೆ ಮುನ್ನ ಅಧಿಕಾರಿಯ ತಪಾಸಣೆ ಬೇರೆ. ಒಳಗೆ ಒಂದೇ ಒಂದು ನೊಣ ಕಂಡರೂ ಇಡೀ ಕಂಟೇನರಿನ ಹಣ್ಣು ಅಲ್ಲೇ ಉಳಿಯುತ್ತದೆ. ಅವಳು ತಲೆಯಿಂದ ಕಾಲಿನವರೆಗೆ ಉಜ್ಜಿ ಮಿಂದಳು, ಸೀರೆ ಬದಲಿಸಿದಳು. ಆಮೇಲೆ ಕೈ ತನ್ನ ಪಾಡಿಗೆ ತಾನು ಮಗುವಿನ ಬಟ್ಟೆಯನ್ನೆತ್ತಿ ಹೆಗಲಿಗೆ ಹಾಕಿತು. ಕೂಸು ಹಾಲು ಕಕ್ಕಿದರೆ ಒರೆಸುವ ಬಟ್ಟೆ ಅದು. ಕೂಸು ಅಜ್ಜಿಯ ಮಡಿಲಲ್ಲಿದ್ದರೂ ಬಟ್ಟೆ ಮಾತ್ರ ಇವಳ ಹೆಗಲು ಬಿಡುತ್ತಿರಲಿಲ್ಲ. ಬೆಳಿಗ್ಗೆ ಮದ್ದು ಕೈಮೇಲೆ ಚೆಲ್ಲಿದಾಗ ಒರೆಸಿಕೊಂಡದ್ದೂ ಅದರಲ್ಲೇ.

ಅವಳು ಶೆಡ್ಡಿನೊಳಗೆ ಬಂದು ಸ್ವಲ್ಪ ಹೊತ್ತಿಗೆ, ಪೆಟ್ಟಿಗೆ ಜೋಡಿಸುತ್ತಿದ್ದ ವಾರಗಿತ್ತಿ ಜಾಲರಿ ಬಾಗಿಲಿನತ್ತ ನೋಡಿ ತಣ್ಣಗೆ ಹೇಳಿದಳು, "ನಿನ್ನ ಕಡೆಯವರು ಬಂದಿದ್ದಾರೆ ನೋಡು."

ಜಾಲರಿಯ ಹೊರಗೆ ನೊಣಗಳು ಒತ್ತೊತ್ತಾಗಿ ಕೂತಿದ್ದವು. ಅತ್ತ ಗೇಟಿನೊಳಗೆ ಅಧಿಕಾರಿಯ ಜೀಪು ತಿರುಗುತ್ತಿತ್ತು. ಅವನು ಬಾಗಿಲು ತೆಗೆದರೆ ಮುಗಿಯಿತು.

ಅವಳು ಹಿಂಬಾಗಿಲಿನಿಂದ ಹೊರಬಿದ್ದು, ಸೀರೆ ಎತ್ತಿ ಕಟ್ಟಿ, ಶೆಡ್ಡು ಸುತ್ತಿ ಮುಂದಕ್ಕೆ ಬಂದು, ಬಟ್ಟೆ ಬೀಸುತ್ತ ಓಡಿದಳು. ನೊಣಗಳು ಜಾಲರಿ ಬಿಟ್ಟು ಬೆನ್ನು ಹತ್ತಿದವು. ಓಡುತ್ತಾ ಓಡುತ್ತಾ ಅವಳಿಗೆ ನಗು ಉಕ್ಕಿ ಬಂತು. ಮದುವೆಗೆ ಮುಂಚೆ ಒಬ್ಬನೂ ಹೀಗೆ ಹಿಂದೆ ಬಿದ್ದಿರಲಿಲ್ಲ.

"ಯಾರಮ್ಮಾ ಅವರು?" ಜೀಪಿಳಿದ ಅಧಿಕಾರಿ ವಾರಗಿತ್ತಿಯನ್ನು ಕೇಳಿದ.

"ನನ್ನ ತಂಗಿ ಸಾರ್. ಗಂಡು ನೊಣಗಳನ್ನ ಅಟ್ಟಿಕೊಂಡು ಹೋಗ್ತಿದ್ದಾಳೆ."

"ಒಳಗೆ ಸಿಕ್ಕರೆ ಗಂಡೋ ಹೆಣ್ಣೋ ಅಂತ ನಾನು ಕೇಳಲ್ಲ" ಎಂದು ಅವನು ಒಳಹೋದ. ಮೂಲೆ ಮೂಲೆ ಹುಡುಕಿದ, ಹಣ್ಣು ಕೊಯ್ದು ಕೊಯ್ದು ನೋಡಿದ. ನೊಣವೂ ಇಲ್ಲ, ಹುಳವೂ ಇಲ್ಲ. ಮುದ್ರೆ ಬಿತ್ತು. ಅವಳು ತೋಟದ ಆಚೆ ತುದಿಯ ಬಲೆಗೆ ಬಟ್ಟೆ ಕಟ್ಟಿ, ಏದುಸಿರು ಬಿಡುತ್ತ ನಿಂತಿದ್ದಾಗ ಕಂಟೇನರ್ ಹೊರಟ ಸದ್ದು ಕೇಳಿತು.

ಮನೆಯಲ್ಲಿ ಮತ್ತೆ ಮಿಂದು ಕೂಸನ್ನೆತ್ತಿಕೊಂಡಳು. ಅದು ಬರಿ ಹೆಗಲು ತಡಕಿ ರಾಗ ಎಳೆಯಿತು.

"ಬಟ್ಟೆ ಎಲ್ಲೇ?" ಎಂದ ಗಂಡ.

"ನೊಣ ಹಿಡಿಯೋ ಕೆಲಸಕ್ಕೆ ಸೇರಿಕೊಂಡಿದೆ" ಎಂದಳು. ಅಷ್ಟರಲ್ಲಿ ಕೂಸು ಅವಳ ಹೊಸ ರವಿಕೆಯ ಮೇಲೆ ನಿರಾಳವಾಗಿ ಹಾಲು ಕಕ್ಕಿತು.