ಮತಗಟ್ಟೆಯಲ್ಲಿ ಮೂರು ನಿಮಿಷದ ನೂಡಲ್ಸ್

ಅದು 2008ರ ವಿಧಾನಸಭಾ ಚುನಾವಣೆ. ನಾನಾಗ ನಂಜನಗೂಡಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ನನ್ನನ್ನೂ ನಮ್ಮ ಸೆಕ್ಷನ್ನಿನ ಪುಟ್ಟಸ್ವಾಮಿಯವರನ್ನೂ ಟಿ. ನರಸೀಪುರ ತಾಲ್ಲೂಕಿನಲ್ಲಿ, ಮುಡುಕುತೊರೆ ದಾಟಿ ಹೋಗುವ ಒಂದು ಸಣ್ಣ ಊರಿನ ಶಾಲೆಗೆ ಚುನಾವಣೆ ಕೆಲಸಕ್ಕೆ ಹಾಕಿದರು. ಈ ಡ್ಯೂಟಿ ಮಾಡಿದವರಿಗೆ ಗೊತ್ತು, ಮತಯಂತ್ರವನ್ನು ಹೇಗೋ ಸಂಭಾಳಿಸಬಹುದು, ಹೊಟ್ಟೆಯನ್ನು ಸಂಭಾಳಿಸುವುದೇ ಕಷ್ಟ.

ಅದಕ್ಕೇ ನಮ್ಮ ಯಜಮಾನರು ಮೈಸೂರಿನ ದೊಡ್ಡ ಅಂಗಡಿಯಿಂದ ಐದಾರು ಕಪ್ ನೂಡಲ್ಸ್ ತಂದುಕೊಟ್ಟರು. "ಮಾಮೂಲಿದಲ್ಲ ಕಣೇ, ಪ್ರೀಮಿಯಂ. ಬಿಸಿನೀರು ಹಾಕಿ ಮುಚ್ಚಿಟ್ರೆ ಮೂರೇ ನಿಮಿಷ" ಅಂದರು. ಕಪ್ಪಿನ ಮೇಲೆ ಕ್ಯಾರೆಟ್ಟು, ಬಟಾಣಿ, ಹಬೆಯಾಡುವ ಚಿತ್ರ. ಬೆಲೆಯಂತೂ ಮಾಮೂಲಿ ಪ್ಯಾಕೆಟ್ಟಿನ ಮೂರು ಪಟ್ಟು. ನಾನೂ ಜಂಬದಿಂದ ಬ್ಯಾಗಿಗೆ ತುಂಬಿ, ಮೇಲೊಂದು ಕರೆಂಟಿನ ಕೆಟಲ್ ಇಟ್ಟುಕೊಂಡು ಹೊರಟೆ.

ಮತದಾನದ ದಿನ ಬೆಳಿಗ್ಗೆ ಆರೂವರೆಗೆ ಒಂದು ಪಕ್ಷದ ಏಜೆಂಟರ ಮನೆಯಿಂದ ಡಬ್ಬಿ ತುಂಬ ಇಡ್ಲಿ ಬಂತು. ನಮ್ಮ ಪ್ರಿಸೈಡಿಂಗ್ ಆಫೀಸರ್ ಒಬ್ಬ ಹೆಡ್ ಮಾಸ್ಟರು, ನಿಯಮ ಅಂದರೆ ನಿಯಮ. "ಇವತ್ತು ಒಬ್ಬರ ಮನೆ ಇಡ್ಲಿ ತಿಂದ್ರೆ ಇನ್ನೊಬ್ರು ಸುಮ್ನಿರ್ತಾರೇನ್ರೀ?" ಅಂತ ಡಬ್ಬಿಯನ್ನು ವಾಪಸ್ ಕಳಿಸಿಬಿಟ್ಟರು. ಅದು ಸರಿಯೇ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಅದೂ ಸರಿಯಾಗಿರುತ್ತಿತ್ತು.

"ಬಿಡಿ ಸಾರ್, ಎಲ್ಲರಿಗೂ ನನ್ನ ಹತ್ರ ಇದೆ" ಅಂದೆ.

ಪುಟ್ಟಸ್ವಾಮಿಯವರಿಗೆ ಸಕ್ಕರೆ ಕಾಯಿಲೆ. ಮಾತ್ರೆ ನುಂಗಿದ ಮೇಲೆ ತಿಂಡಿ ತಡವಾಗುವಂತಿಲ್ಲ. ಅವರು ಜೇಬಿನಿಂದ ಮಾತ್ರೆ ತೆಗೆದು ಕೇಳಿದರು, "ಮೇಡಂ, ಗ್ಯಾರಂಟಿನಾ? ನುಂಗ್ಬಿಡ್ಲಾ?"

"ನುಂಗಿ ಸಾರ್. ಮೂರೇ ನಿಮಿಷ!"

ಅವರು ನುಂಗಿದರು. ನಾನು ಕೆಟಲ್ ಸಿಕ್ಕಿಸಿದೆ. ಕರೆಂಟ್ ಹೋಯಿತು.

ಗ್ರಾಮ ಸಹಾಯಕರನ್ನು ಬೇಡಿಕೊಂಡೆ, "ಯಾರ ಮನೆಯಿಂದಾದ್ರೂ ಬಿಸಿನೀರು ತಂದುಕೊಡಿ". ಅವರು ಓಡಿಹೋಗಿ ತಂಬಿಗೆಯಲ್ಲಿ ತಂದಿದ್ದು ಬಚ್ಚಲುಮನೆ ಹಂಡೆಯ ನೀರು! ಹೊಗೆ ವಾಸನೆ ಬೇರೆ. ದಾರಿಯಲ್ಲೇ ಉಗುರು ಬೆಚ್ಚಗಾಗಿತ್ತು. ಇನ್ನು ಆ ಕಪ್ಪಿನೊಳಗೋ, ಮಸಾಲೆಗೊಂದು ಪೊಟ್ಟಣ, ಎಣ್ಣೆಗೊಂದು ಪೊಟ್ಟಣ, ಒಣಗಿದ ತರಕಾರಿಗೊಂದು ಪೊಟ್ಟಣ. ಯಾವುದು ಮೊದಲು ಅಂತ ಇರುವೆ ಗಾತ್ರದ ಅಕ್ಷರದಲ್ಲಿ ಬರೆದಿದ್ದರು. ಹಲ್ಲಲ್ಲಿ ಕಚ್ಚಿ ಹರಿದರೆ ಎಣ್ಣೆಯೆಲ್ಲ ನನ್ನ ಸೀರೆಗೆ. ಮೂರು ನಿಮಿಷ ಆಯಿತು, ಹತ್ತು ನಿಮಿಷ ಆಯಿತು. ನೂಡಲ್ಸ್ ಪೊರಕೆ ಕಡ್ಡಿಯಂತೆ ಸೆಟೆದುಕೊಂಡೇ ಇತ್ತು. ಅಷ್ಟರಲ್ಲಿ ಏಳು ಗಂಟೆ. ಹೊರಗೆ ಉದ್ದದ ಸಾಲು. ಕಪ್ಪನ್ನು ಕಿಟಕಿಯ ಮೇಲಿಟ್ಟು ಪಟ್ಟಿ ಹಿಡಿದು ಕೂತೆ. ಹೆಸರು ಕೂಗುವುದು ನನ್ನ ಕೆಲಸ, ಬೆರಳಿಗೆ ಶಾಯಿ ಹಚ್ಚಿ ರುಜು ಹಾಕಿಸಿಕೊಳ್ಳುವುದು ಪುಟ್ಟಸ್ವಾಮಿಯವರದು. ಇಬ್ಬರೂ ಜಾಗ ಬಿಟ್ಟು ಏಳುವಂತಿರಲಿಲ್ಲ. ಅವರು ಎರಡು ಸಲ ಕಿಟಕಿಯ ಕಡೆ ನೋಡಿದರು. ನಾನು "ಈಗ ಆಗುತ್ತೆ ಸಾರ್" ಅಂದೆ. ನನ್ನ ಭಂಡತನಕ್ಕೆ ಏನು ಹೇಳಲಿ?

ಎಂಟೂವರೆ ಸುಮಾರಿಗೆ ಒಬ್ಬ ಅಜ್ಜಿ ಎಡಗೈ ಚಾಚಿ ನಿಂತರು. ಪುಟ್ಟಸ್ವಾಮಿಯವರು ಹಚ್ಚಿದ ಶಾಯಿ ಬೆರಳು ಬಿಟ್ಟು ಅಂಗೈಗೆಲ್ಲ ಬಳಿದುಹೋಯಿತು. ನೋಡಿದರೆ ಹಚ್ಚಿದವರ ಕೈ ಗಡಗಡ ನಡುಗುತ್ತಿದೆ, ಹಣೆ ಮೇಲೆ ಬೆವರು, ಮಾತಾಡಿಸಿದರೆ ಉತ್ತರವಿಲ್ಲ.

ಅಜ್ಜಿ ಅವರ ಮುಖವನ್ನೇ ನೋಡಿ, "ಸಕ್ರೆ ಕಾಯ್ಲೆ ಅಲ್ವಾ? ನಮ್ಮನೆಯವ್ರಿಗೂ ಇಂಗೇ ಆಗೋದು" ಅಂದವರೇ ಸೆರಗಿನ ಗಂಟು ಬಿಚ್ಚಿ ಒಂದು ಬೆಲ್ಲದ ಚೂರು ತೆಗೆದರು. "ಅವ್ರಿಗೇ ಅಂತ ಮಡಿಕತ್ತಿದ್ದೆ. ಅವ್ರು ಓಗಿ ಎಲ್ಡು ವರ್ಸಾಯ್ತು, ಅಭ್ಯಾಸ ಓಗಿಲ್ಲ. ಬಾಯ್ ಬುಡಪ್ಪಾ."

ಹೆಡ್ ಮಾಸ್ಟರು ಎದ್ದು ನಿಂತು, "ಅಜ್ಜಿ, ಮತದಾರರ ಕೈಯಿಂದ ನಾವು ಏನೂ..." ಅಂತ ರಾಗ ಎಳೆದರು.

"ಬೆಲ್ಲಕ್ಕೂ ಗುರ್ತು ಅದಾ ಸಾ?" ಅಂದರು ಅಜ್ಜಿ. ಏಜೆಂಟರುಗಳೇ ಎದ್ದು ಅಜ್ಜಿಗೆ ದಾರಿ ಮಾಡಿಕೊಟ್ಟರು. ಬೆಲ್ಲ ಪುಟ್ಟಸ್ವಾಮಿಯವರ ಬಾಯಿ ಸೇರಿತು.

ಹತ್ತು ನಿಮಿಷಕ್ಕೆ ನಡುಕ ನಿಂತು ಅವರು ನೀರು ಕೇಳಿದರು. ಅಷ್ಟು ಹೊತ್ತೂ ಸಾಲು ನಿಂತೇ ಇತ್ತು, ಒಬ್ಬರೂ ಗಲಾಟೆ ಮಾಡಲಿಲ್ಲ. ನಾನು ಅಳುತ್ತಲೇ ಅಜ್ಜಿಗೆ ನೂಡಲ್ಸಿನ ಕಥೆ ಹೇಳಿದೆ, ಮೂರು ನಿಮಿಷದ ಮಾತನ್ನೂ ಹೇಳಿದೆ. ಅವರು ಕಿಟಕಿಯ ಮೇಲಿನ ಕಪ್ಪನ್ನೂ ನನ್ನನ್ನೂ ಒಂದು ಸಲ ನೋಡಿ, "ಅಸ್ದೋರ್ಗೆ ಟೈಮ್ ಏಳ್ಬಾರ್ದು ಕಣವ್ವ, ಅನ್ನ ಇಕ್ಬೇಕು" ಅಂದು ಓಟು ಹಾಕಿ ಹೋದರು.

ಅರ್ಧ ಗಂಟೆಯಲ್ಲಿ ಮತ್ತೆ ಬಂದರು, ಬಟ್ಟೆಯಲ್ಲಿ ಸುತ್ತಿದ ಬಿಸಿ ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಹಿಡಿದುಕೊಂಡು. ಹೆಡ್ ಮಾಸ್ಟರು ಬಾಯಿ ತೆರೆಯುವ ಮೊದಲೇ, "ನಂದು ಓಟಾಯ್ತು ಸಾ. ಈಗ ನಾ ಯಾರೋ ನೀವ್ ಯಾರೋ. ತಿನ್ನಿ" ಅಂದರು. ಆ ಮಹಾನುಭಾವರು ರೊಟ್ಟಿ ಮುರಿದು ಮೊದಲು ಪುಟ್ಟಸ್ವಾಮಿಯವರ ಕೈಗೆ ಕೊಟ್ಟು, ಉಳಿದದ್ದನ್ನು ತಾವೇ ತಿಂದರು.

ಸಂಜೆ ಮತಯಂತ್ರಕ್ಕೆ ಸೀಲು ಹಾಕಿದ ಮೇಲೆ ಕಿಟಕಿ ನೋಡಿದೆ. ನೂಡಲ್ಸ್ ಊದಿಕೊಂಡು ಕಪ್ಪಿನ ಬಾಯಿಗೆ ಬಂದಿತ್ತು. ಅಷ್ಟು ಬೆಲೆ ಕೊಟ್ಟಿದ್ದಕ್ಕೆ ಒಂದು ಎಳೆ ಬಾಯಿಗಿಟ್ಟೆ. ಹಂಡೆಯ ಹೊಗೆ, ಅದರ ಮೇಲೆ ಬೆಳ್ಳುಳ್ಳಿ. ಥೂ! ಉಳಿದ ಕಪ್ಪುಗಳನ್ನು ಮನೆಗೆ ತಂದು ನಮ್ಮ ಯಜಮಾನರ ಮುಂದೆ ಕುಕ್ಕಿದೆ, "ನೀವೇ ತಿನ್ನಿ ನಿಮ್ಮ ಪ್ರೀಮಿಯಮ್ಮು" ಅಂತ. ಪಾಪ, ಅವರದೇನು ತಪ್ಪು? ಮಾತು ಕೊಟ್ಟವಳು ನಾನು.

ಆ ಅಜ್ಜಿಯ ಹೆಸರನ್ನು ಪಟ್ಟಿಯಲ್ಲಿ ನಾನೇ ಕೂಗಿದ್ದೆ. ಈಗ ಎಷ್ಟು ಯೋಚಿಸಿದರೂ ನೆನಪಾಗುವುದಿಲ್ಲ, ಅದೇ ನನಗೆ ಹೆಚ್ಚು ಸಂಕಟ. ನನ್ನ ಬ್ಯಾಗಿನಲ್ಲಿ ಮಾತ್ರ ಅಂದಿನಿಂದ ಒಂದು ಚೂರು ಬೆಲ್ಲ ಇದ್ದೇ ಇರುತ್ತದೆ.

ಪುಟ್ಟಸ್ವಾಮಿಯವರು ನನಗೆ ಒಂದೇ ಒಂದು ಕೆಟ್ಟ ಮಾತು ಆಡಲಿಲ್ಲ. ಆದರೆ ನಿವೃತ್ತರಾಗುವವರೆಗೂ, ಕಚೇರಿಯಲ್ಲಿ ಯಾವ ಫೈಲಿಗೇ ಆಗಲಿ ನಾನು "ಮೂರೇ ನಿಮಿಷ ಸಾರ್" ಅಂದರೆ ಸಾಕು, ಜೇಬಿನಿಂದ ಮಾತ್ರೆ ತೆಗೆದು, ನನಗೆ ಕಾಣುವಂತೆ ಒಮ್ಮೆ ನೋಡಿ, ಮತ್ತೆ ಜೇಬಿಗೆ ಹಾಕಿಕೊಳ್ಳುತ್ತಿದ್ದರು.