ತೊಳೆದ ಮೋಟಾರು

ಮೋಟಾರನ್ನು ಪಾತ್ರೆಯ ಹಾಗೆ ತೊಳೆದವಳು ನಾನು. ಹೀಗೆಂದರೆ ಮೊಮ್ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ನಗಲಿ, ಆಗ ನನಗೆ ನಗು ಬಂದಿರಲಿಲ್ಲ ಅಷ್ಟೆ. ಹುಣಸೆಹಣ್ಣು, ಒಲೆಯ ಬೂದಿ, ತೆಂಗಿನ ನಾರು ಹಿಡಿದು ಹಿತ್ತಾಳೆ ಕೊಡ ಬೆಳಗುವ ಹಾಗೆ ತಿಕ್ಕಿ, ಮೇಲಿಂದ ಎರಡು ಕೊಡ ನೀರು ಸುರಿದಿದ್ದೆ.

ಅದು ಐವತ್ತರ ದಶಕದ ಕೊನೆ. ಶಿಕಾರಿಪುರದಿಂದ ಸೊರಬಕ್ಕೆ ಮದುವೆಯಾಗಿ ಬಂದು ಆರು ತಿಂಗಳಾಗಿತ್ತು. ಊರಿಗೆ ಕರೆಂಟು ಬಂದದ್ದು ಹೊಸದು. ಮಾವ ಧೈರ್ಯ ಮಾಡಿ ಮನೆಯ ಮುಂದಿನ ಕೋಣೆಯಲ್ಲಿ ಹಿಟ್ಟಿನ ಗಿರಣಿ ಹಾಕಿಸಿದ್ದರು. ಒಂದು ಮೋಟಾರು, ಬೀಸುವ ಕಲ್ಲು, ನಡುವೆ ಉದ್ದನೆಯ ಬೆಲ್ಟು. ಅದನ್ನು ನಡೆಸುತ್ತಿದ್ದವರು ನನ್ನ ಗಂಡ. ಗಿರಣಿ ಕೂರಿಸಲು ಬಂದ ಫಿಟ್ಟರಿನ ಹಿಂದೆ ನಾಲ್ಕು ದಿನ ಸುತ್ತಿ ಕಲಿತದ್ದೇ ಅವರ ವಿದ್ಯೆ.

ನನ್ನ ತವರಿನಲ್ಲಿ ಆಯುಧಪೂಜೆ ಎಂದರೆ ಮೊದಲು ತೊಳೆಯುವುದು. ನೇಗಿಲು, ಕುಡುಗೋಲು, ಬಂಡಿ, ಕುರಿಯ ಉಣ್ಣೆ ತೆಗೆಯುವ ಕತ್ತರಿ, ಎಲ್ಲಕ್ಕೂ ಸ್ನಾನ. ತೊಳೆಯದ ಸಾಮಾನಿಗೆ ಕುಂಕುಮ ಇಡಲು ಹೋದರೆ ಅವ್ವ ಕೈ ಹಿಡಿದು ನಿಲ್ಲಿಸುತ್ತಿದ್ದಳು. ಸೊರಬದ ನನ್ನ ಮೊದಲ ಆಯುಧಪೂಜೆಗೆ, ತವರಿನ ಹೆಸರು ಉಳಿಸಬೇಕು ಅಂತ, ಯಾರನ್ನೂ ಕೇಳದೆ ಗಿರಣಿ ಕೋಣೆಗೆ ನೀರು ಹೊತ್ತೆ. ಸಂಜೆ ಪೂಜೆಗೆ ಬಂದವರೆಲ್ಲ ಮೋಟಾರಿನ ಹೊಳಪು ನೋಡಿ ಹೊಗಳಿದರು. ನಾನು ಹಿಗ್ಗಿ ಹೀರೇಕಾಯಿಯಾಗಿದ್ದೆ.

ಮರುದಿನ, ವಿಜಯದಶಮಿಯ ಬೆಳಿಗ್ಗೆ, ನನ್ನ ಗಂಡ ಸ್ವಿಚ್ಚು ಒತ್ತಿದರು. ಮೋಟಾರು ಗುಂಯ್ ಅಂತು, ತಿರುಗಲಿಲ್ಲ. ಠಪ್ ಅಂತ ಫ್ಯೂಸು ಹೋಯಿತು, ಸುಟ್ಟ ವಾಸನೆ ಬಂತು. ನಟ್ಟು ಬಿಚ್ಚಿ ಮುಚ್ಚಳ ತೆಗೆದರೆ ಒಳಗಿಂದ ಬೂದಿ ಕಲೆಸಿದ ನೀರು ಜಿನುಗಿ ನೆಲಕ್ಕೆ ಇಳಿಯಿತು. ಅವರು ಬೆರಳಿಗೆ ಅಂಟಿದ ನಾರೊಂದನ್ನು ಬೆಳಕಿಗೆ ಹಿಡಿದು ನೋಡಿ, ಆಮೇಲೆ ನನ್ನನ್ನು ನೋಡಿದರು.

"ಇದಕ್ಕೂ ಹುಣಸೆಹಣ್ಣು ಹಾಕಿದ್ಯನೇ?"

"ಹಾಕೀನ್ರೀ. ಹಿತ್ತಾಳಿ ಪಟ್ಟಿ ಐತಲ್ರೀ ಮ್ಯಾಲೆ, ಅದು ಹೊಳೀಲಿ ಅಂತ."

ಅವರು ಬೈಯಲಿಲ್ಲ. ಬೈದಿದ್ದರೆ ಅತ್ತಾದರೂ ಹಗುರಾಗುತ್ತಿದ್ದೆ. ಮಾತಾಡಿದವರು ಮಾವ. ಶಿವಮೊಗ್ಗಕ್ಕೆ ಕಳಿಸಿ ತಂತಿ ಹೊಸದಾಗಿ ಸುತ್ತಿಸಬೇಕೆಂದರೆ ತಿಂಗಳಾಗುತ್ತದೆ, ಅಷ್ಟರಲ್ಲಿ ದೀಪಾವಳಿ ಮುಗಿದಿರುತ್ತದೆ ಅಂದರು. ಕೊನೆಗೆ ನನ್ನ ಕಡೆ ತಿರುಗಿ, "ಮೊದಲನೇ ದೀಪಾವಳಿ, ನೀವಿಬ್ಬರೂ ನಿನ್ನ ತವರಿಗೆ ಹೋಗಬೇಕಾದ್ದು ನಿಜ. ಮೋಟಾರು ತಿರುಗಿದ್ರೆ ಹೋಗಿ ಬನ್ನಿ. ತಿರುಗಲಿಲ್ಲ ಅಂದ್ರೆ ಇವನು ಅದನ್ನ ಹೊತ್ಕಂಡು ಶಿವಮೊಗ್ಗಕ್ಕೆ ಹೋಗ್ತಾನೆ, ಹಬ್ಬ ಇಲ್ಲೇ" ಅಂದರು.

ಆರು ತಿಂಗಳಿಂದ ನಾನು ಕಾಯುತ್ತಿದ್ದದ್ದು ಆ ಒಂದು ಹಬ್ಬಕ್ಕೆ. ಸೊರಬದವರು ಕೆಟ್ಟವರೆಂದಲ್ಲ. ಆದರೆ ನಾನು 'ಐತಿ', 'ಅದಾರ' ಅಂದಾಗಲೆಲ್ಲ ನೆರೆಮನೆಯ ಹುಡುಗಿಯರು ಕಿಸಕ್ಕೆನ್ನುತ್ತಿದ್ದರು. ಬಾಯಿ ತೆರೆಯುವ ಮೊದಲು ಮಾತು ಆರಿಸಿಕೊಳ್ಳುವುದು ಅಭ್ಯಾಸವಾಗಿತ್ತು. ನನ್ನ ಹಾಗೆ ಮಾತಾಡುವವರ ನಡುವೆ ಎರಡು ದಿನ ಕೂತು ಬಾಯಿತುಂಬ ಮಾತಾಡಿ ಬರಬೇಕು ಅನ್ನಿಸುತ್ತಿತ್ತು. ಅಂಜನಾಪುರದ ಕಾಲುವೆ ನೀರು ನಮ್ಮ ಗದ್ದೆಗೆ ತಿರುಗುವಾಗ ಬದುವಿನ ಮೇಲೆ ಕಾಲು ಇಳಿಬಿಟ್ಟು ಕೂರಬೇಕು. ಅವ್ವನ ಕೈಯಲ್ಲಿ ತಲೆಗೆ ಎಣ್ಣೆ ಹಚ್ಚಿಸಿಕೊಳ್ಳಬೇಕು. ಆಸೆ ಅಂದರೆ ಇಷ್ಟೇ.

ಮದ್ದು ಹೇಳಿದವರು ಅತ್ತೆ. ಮೋಟಾರಿನ ಸುತ್ತ ಒಂದು ಸುತ್ತು ಬಂದು, "ಒಳಗೆ ಥಂಡಿ ಹಿಡಿದದೆ, ಅಷ್ಟೇ ಅಲ್ದಾ? ಬಾಣಂತಿ ಕಾಯಿಸಿದಂಗೆ ಕಾಯಿಸಿ ನೋಡೋ ಮಾರಾಯ" ಅಂದರು. ಮಾವ ನಕ್ಕರು. ನನ್ನ ಗಂಡ ನಗಲಿಲ್ಲ. ಸುಟ್ಟದ್ದು ಫ್ಯೂಸು ಮಾತ್ರ, ತಂತಿ ಒದ್ದೆಯಾಗಿದೆ ಅಷ್ಟೆ, ನಿಧಾನ ಶಾಖಕ್ಕೆ ಒಣಗಿದರೂ ಒಣಗಬಹುದು ಅಂದರು.

ಬೇರಿಂಗುಗಳನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಗುಂಡು ಗುಂಡಿನ ಸಂದಿಯಿಂದ ಬೂದಿ ತೆಗೆದವಳು ನಾನೇ. ಆಮೇಲೆ ಮೋಟಾರಿನ ಹೊಟ್ಟೆಯನ್ನು ಎರಡು ಇಟ್ಟಿಗೆಗಳ ಮೇಲೆ ಏರಿಸಿ, ಕೆಳಗೆ ಬೋಗುಣಿಯಲ್ಲಿ ಕೆಂಡ ಇಟ್ಟು, ಮೇಲೆ ಬಾಣಂತಿಯರ ತಲೆಗೂದಲು ಒಣಗಿಸುವ ಬಿದಿರು ಬುಟ್ಟಿ ಕವುಚಿದೆವು. ಕೆಂಡ ಹೆಚ್ಚಾದರೆ ತಂತಿಯ ಮೇಲಿನ ಅರಗು ಕರಗುತ್ತದೆ, ಕಡಿಮೆಯಾದರೆ ಪ್ರಯೋಜನವಿಲ್ಲ. ಕೈಯಿಟ್ಟರೆ ಹಿತವಾಗಿರಬೇಕು, ಸುಡಬಾರದು. ದಿನವಿಡೀ ಅಡುಗೆಮನೆಗೂ ಗಿರಣಿಗೂ ಓಡಾಡಿ ಆ ಹದ ಕಾದೆ. ಅತ್ತೆ ಹೋಗುತ್ತ ಬರುತ್ತ, "ಬಾಣಂತಿ ಉಂಡಳನೇ?" ಅಂತ ರೇಗಿಸುತ್ತಿದ್ದರು.

ಪ್ರತಿ ಸಂಜೆ ಪರೀಕ್ಷೆ. ನನ್ನ ಗಂಡ ಒಂದು ಬಲ್ಬಿನ ತಂತಿಯನ್ನು ಮೋಟಾರಿಗೆ ತಾಗಿಸುತ್ತಿದ್ದರು. ಒಳಗೆ ಹಸಿ ಇದ್ದರೆ ಕರೆಂಟು ಸೋರಿ ಬಲ್ಬು ಕೆಂಪಗಾಗುತ್ತದೆ, ಒಣಗಿದ್ದರೆ ಹತ್ತುವುದಿಲ್ಲ. ಮೊದಲ ದಿನ ಚೆನ್ನಾಗಿಯೇ ಹತ್ತಿತು. ವಾರದ ಹೊತ್ತಿಗೆ ಗಾಜಿನೊಳಗಿನ ಎಳೆ ಮಾತ್ರ ಕೆಂಪಗೆ ಕಾಣುತ್ತಿತ್ತು. ಮನೆಯಲ್ಲೆಲ್ಲ ದೀಪ ಹತ್ತಲಿ ಅಂತ ಬೇಡುವ ಹೊತ್ತಿನಲ್ಲಿ ನಾನೊಬ್ಬಳು, ಹತ್ತಬೇಡವೋ ಅಂತ ಬೇಡುತ್ತ ಕೂತಿದ್ದೆ. ಹಬ್ಬಕ್ಕೆ ಮೂರು ದಿನ ಇದೆ ಅನ್ನುವಾಗ ಬಲ್ಬು ಹತ್ತಲಿಲ್ಲ. ಅವರು ತಂತಿ ಬಿಟ್ಟು, ಮತ್ತೆ ತಾಗಿಸಿ ನೋಡಿ, "ನಿನ್ನ ಬಾಣಂತಿ ಎದ್ದಳು ಕಣೇ" ಅಂದರು. ನಾನು ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ.

ಮರುದಿನವೆಲ್ಲ ಜೋಡಿಸುವ ಕೆಲಸ. ಅದರ ಮಾರನೆಯ ಬೆಳಿಗ್ಗೆ ಮೋಟಾರು ತಿರುಗಿತು. ಆ ಸದ್ದು ಬೀದಿಗೆ ಕೇಳಿದ್ದೇ ತಡ, ಜನ ಬಂದರು. ಎರಡು ವಾರಕ್ಕೂ ಮೇಲೆ ಕಾದಿದ್ದ ಜನ. ಅಕ್ಕಿ, ಕಡಲೆಬೇಳೆ, ರಾಗಿ. ಬುಟ್ಟಿ, ಚೀಲ, ಸೆರಗಿನ ಗಂಟು. ಸಾಲು ಜಗಲಿ ದಾಟಿ ಬೀದಿಗೆ ಇಳಿದಿತ್ತು. ನಾನು ಟ್ರಂಕಿಗೆ ಸೀರೆ ತುಂಬುತ್ತಿದ್ದೆ.

ಹತ್ತು ಗಂಟೆಯ ಬಸ್ಸಿಗೆ ಅಪ್ಪ ಬಂದ. ಮಗಳು ಅಳಿಯನನ್ನು ಕರೆದೊಯ್ಯಲು ತವರಿನವರೇ ಬರಬೇಕಲ್ಲ. ಹೆಗಲ ಮೇಲೆ ಹೊಸ ಟವೆಲು, ಕೈಯಲ್ಲೊಂದು ಚೀಲ. ಸಾಲಿನ ಪಕ್ಕದಲ್ಲೇ ದಾರಿ ಮಾಡಿಕೊಂಡು ಬಂದು ಜಗಲಿಯಲ್ಲಿ ಕೂತ. ಮಾವ ಕೊಟ್ಟ ಮಾತಿಗೆ ತಪ್ಪಲಿಲ್ಲ. ಒಳಗೆ ಕೂಗಿ, "ಸಾಕು, ನಿಲ್ಲಿಸೋ. ಬೀಗರು ಬಂದಾರೆ, ಹೊರಡಿ" ಅಂದರು. ಗಿರಣಿ ನಡೆಸಲು ಮಾವನಿಗೆ ಬರುತ್ತಿರಲಿಲ್ಲ. ಈಗಷ್ಟೇ ಎದ್ದ ಮೋಟಾರು ಬಿಸಿಯೇರುತ್ತದೋ ಏನೋ ಅಂತ ನನ್ನ ಗಂಡ ಅದರ ಮೈಮೇಲೆ ಅಂಗೈ ಇಟ್ಟುಕೊಂಡೇ ನಿಂತಿದ್ದರು. ಅವರು ಸ್ವಿಚ್ಚಿನ ಕಡೆ ಕೈ ಚಾಚಿದರು. ಸಾಲಿನ ಮುಂದೆ ನಿಂತಿದ್ದ ಮುದುಕಿಯೊಬ್ಬಳು ತನ್ನ ಅಕ್ಕಿ ಬುಟ್ಟಿ ಎತ್ತಿ ತಲೆಯ ಮೇಲಿಟ್ಟುಕೊಂಡಳು.

ಅಪ್ಪ ಅದನ್ನು ನೋಡಿದ. "ಬ್ಯಾಡ್ರೀ ಬೀಗರೇ" ಅಂದ. "ಇಷ್ಟು ಮಂದಿ ಹಬ್ಬ ನಿಲ್ಲಿಸಿ ನಾವು ಹಬ್ಬ ಮಾಡದು ಬ್ಯಾಡ. ಮುಂದಿನ ವರ್ಷ ಕರ್ಕಂಡು ಹೋಗ್ತೀನಿ."

"ನನ್ನೊಬ್ಬಾಕಿನ್ನಾರ ಕರ್ಕಂಡು ಹೋಗಪ್ಪಾ" ಅಂದೆ. ಮಾವನ ಎದುರು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು.

"ಮೊದಲ್ನೇ ಹಬ್ಬಕ್ಕ ಒಬ್ಬಾಕಿ ಬಂದ್ರ ಊರಾಗ ಏನಂತಾರವ್ವಾ? ಗಂಡನ ಮನ್ಯಾಗ ಏನೋ ಆಗೈತಿ ಅಂತಾರ."

ನನಗೆ ಸಿಟ್ಟು ಬಂದದ್ದು ಮಾವನ ಮೇಲಲ್ಲ, ಅಪ್ಪನ ಮೇಲೆ. ಯಾರೂ ತಡೆಯದೆ ಇದ್ದಾಗ ಇವನೇ ಯಾಕೆ ತಡೆಯಬೇಕು? ಇಷ್ಟು ದಿನ ಕೆಂಡದ ಮುಂದೆ ಕೂತು ಆ ಮೋಟಾರನ್ನು ಎಬ್ಬಿಸಿದ್ದು ಹೋಗಲಿಕ್ಕೆ. ಅದು ಎದ್ದದ್ದಕ್ಕೇ ಹೋಗುವುದು ತಪ್ಪಿತು.

ಅಪ್ಪ ಚೀಲವನ್ನು ನನ್ನ ಕೈಗೆ ಕೊಟ್ಟ. ಬಿಳಿಜೋಳ. "ನಿಮ್ಮವ್ವ ಕೊಟ್ಟಾಳ. ಮಗಳ ಗಿರಣ್ಯಾಗ ಬೀಸಿಸ್ಕಂಡು ಬರ್ರಿ, ಹಬ್ಬಕ್ಕ ಅದರದ್ದೇ ರೊಟ್ಟಿ ಮಾಡ್ತೀನಿ ಅಂದಾಳ." ಅದೇ ಮುದುಕಿ ಬುಟ್ಟಿ ಇಳಿಸಿ ಪಕ್ಕಕ್ಕೆ ಸರಿದು, "ಮೊದಲು ನಿಂದು ಹಾಕೇ ತಂಗಿ" ಅಂದಳು. ನಾನೇ ಜೋಳ ಸುರಿದೆ, ನಾನೇ ಹಿಟ್ಟು ಹಿಡಿದೆ, ಬಾಯಿ ಕಟ್ಟಿ ಅಪ್ಪನ ಹೆಗಲಿಗೇರಿಸಿದೆ. ಅವನು ತಿರುಗಿ ನೋಡದೆ ಬಸ್‌ಸ್ಟ್ಯಾಂಡಿನ ಕಡೆ ಹೋದ. ನೋಡಿದ್ದರೆ ನಾನು ಹಿಂದೆಯೇ ಓಡುತ್ತಿದ್ದೆ, ಅದು ಅವನಿಗೂ ಗೊತ್ತಿತ್ತು.

ಯುಗಾದಿಗೆ ಹೋದಾಗ ಅವ್ವನನ್ನು ಕೇಳಿದೆ, ನಮ್ಮ ಗಿರಣಿ ಹಿಟ್ಟಿನ ರೊಟ್ಟಿ ಹೆಂಗಿದ್ವು ಅಂತ. ಅವ್ವ ನನ್ನ ತಲೆಗೆ ಎಣ್ಣೆ ತಟ್ಟುತ್ತಿದ್ದಳು.

"ರೊಟ್ಟಿ ಮರುದಿನ ಬಡದೆ. ಅವತ್ತು ನಿಮ್ಮಪ್ಪ ಒಬ್ಬನೇ ಬಂದು ಚೀಲ ಇಳಿಸಿದ. ಮುಟ್ಟಿದ್ರ ಹಿಟ್ಟು ಇನ್ನಾ ಬೆಚ್ಚಗಿತ್ತವ್ವಾ. ಆರೋತನಕ ಅದರಾಗ ಕೈ ಇಟ್ಕಂಡು ಕುಂತಿದ್ದೆ."