ಪೋರನ ಗಂಟಲು

ಸ್ಟುಡಿಯೋದಲ್ಲಿ ಅವಳನ್ನು ಎಲ್ಲರೂ ಕರೆಯುವುದು ಪೋರ ಎಂದು. ವಯಸ್ಸು ಐವತ್ತಮೂರು. ಓದಲು ಒಂದು ಕನ್ನಡಕ, ನಡೆಯಲು ಇನ್ನೊಂದು, ಮೆಟ್ಟಿಲು ಕಂಡರೆ ನೋಯಲು ಶುರುಮಾಡುವ ಮಂಡಿ, ಮನೆಯಲ್ಲಿ ಸೊಸೆ. ಆದರೂ ಪೋರ. ಹನ್ನೊಂದು ವರ್ಷದಿಂದ ವಾರಕ್ಕೆರಡು ದಿನ ಅವಳು ಗಾಜಿನ ಕಿಟಕಿಯ ಆ ಪುಟ್ಟ ಕೋಣೆಗೆ ಹೋಗಿ, ಸದ್ದಾಗದಿರಲೆಂದು ಚಪ್ಪಲಿ ಹೊರಗೆ ಬಿಟ್ಟು, ಮೈಕಿನ ಮುಂದೆ ನಿಂತು ಒಂಬತ್ತನೇ ಕ್ಲಾಸಿನ ಹುಡುಗನಾಗುತ್ತಾಳೆ. ನಿಜವಾದ ಹುಡುಗರನ್ನು ಕರೆತಂದರೆ ಎರಡೇ ವರ್ಷಕ್ಕೆ ಧ್ವನಿ ಒಡೆದು ಕೆಲಸ ಕೆಡುತ್ತದೆ. ಹೆಂಗಸಿನ ಗಂಟಲಾದರೆ ಬಾಳಿಕೆ ಹೆಚ್ಚು ಎಂದು ಲೆಕ್ಕ.

ಅವಳು ಕನ್ನಡದ ಧ್ವನಿ ಕೊಡುವುದು ಪರದೇಶದ ಅನಿಮೆ ಕಾರ್ಟೂನ್ ಸರಣಿಯೊಂದಕ್ಕೆ, ನಗಿಸುವ ಕಥೆ. ವಿಳಾಸ ತಪ್ಪಿ ಹುಡುಗನ ಮನೆಗೊಂದು ಪೆಟ್ಟಿಗೆ ಬರುತ್ತದೆ. ಒಳಗೆ ಥೇಟ್ ಹೆಂಗಸಿನಂತಿರುವ ರೋಬೋಟು, ಒಂದು ಆಂಡ್ರಾಯ್ಡ್. ಎಲ್ಲಿ ಬಚ್ಚಿಡುವುದೆಂದು ತೋಚದೆ ಅವನು ಶಾಲೆಯಲ್ಲಿ ಅದನ್ನು ತನ್ನ ಚಿಕ್ಕಮ್ಮ ಎಂದುಬಿಡುತ್ತಾನೆ. ರಗಳೆಯೆಲ್ಲ ಅಲ್ಲಿಂದ. ಚಿಕ್ಕಮ್ಮನ ಅಂಗೈಯೇ ಇಸ್ತ್ರಿಪೆಟ್ಟಿಗೆ. ಹುಡುಗ ತೊಟ್ಟಿರುವಾಗಲೇ ಅಂಗಿಗೆ ಇಸ್ತ್ರಿ ಹಾಕಲು ಬರುತ್ತಾಳೆ. ಗಣಿತದ ಮೇಷ್ಟರ ತಲೆ ಅಲ್ಲಾಡುವುದನ್ನು ಕಂಡು ತಿರುಪು ಸಡಿಲವಾಗಿದೆಯೆಂದು ಬಿಗಿಮಾಡಲು ಹೊರಡುತ್ತಾಳೆ. ಪ್ರತಿ ಕಂತಿನಲ್ಲೂ ಒಂದು ಸಲ ಹುಡುಗ ಹೆಂಚು ಹಾರಿಹೋಗುವಂತೆ 'ಚಿಕ್ಕಮ್ಮಾ' ಎಂದು ಕಿರುಚಲೇಬೇಕು. ಆ ಕಿರುಚಾಟ ಬೀದಿಯ ಮಕ್ಕಳಿಗೆಲ್ಲ ಬಾಯಿಪಾಠ. ಅದರ ಒಡತಿ ತರಕಾರಿ ಚೀಲ ಹಿಡಿದು ಅವರ ನಡುವೆಯೇ ಹಾದುಹೋದರೂ ಒಬ್ಬರೂ ತಿರುಗಿ ನೋಡುವುದಿಲ್ಲ. ಅವಳಿಗೆ ಅದೇ ಇಷ್ಟವಾಗಿತ್ತು.

ಚಳಿ ಕಳೆದ ಮೇಲೊಂದು ದಿನ ಬಚ್ಚಲಿನಿಂದ ಟವೆಲ್ಲಿಗಾಗಿ ಸೊಸೆಯನ್ನು ಕೂಗಿದಳು. ತನ್ನ ಬಾಯಿಂದ ಬಂದದ್ದು ಯಾರೋ ಗಂಡಸಿನ ಧ್ವನಿ.

"ಅತ್ತೆ, ನೆಗಡಿನಾ?" ಎಂದಳು ಸೊಸೆ ಬಾಗಿಲಾಚೆ.

"ಹೂಂ, ಸ್ವಲ್ಪ."

ನೆಗಡಿ ಇರಲಿಲ್ಲ. ಒದ್ದೆ ಮೈಯಲ್ಲೇ ನಿಂತು ಮತ್ತೊಮ್ಮೆ ಮೆಲ್ಲಗೆ ಹುಡುಗನ ಧ್ವನಿ ತೆಗೆದು ನೋಡಿದಳು. ಅರ್ಧಕ್ಕೆ ಹರಿಯಿತು.

ಮಾರನೆಯ ದಿನ ಸ್ಟುಡಿಯೋದಲ್ಲಿ ಜೀವ ಕೈಯಲ್ಲಿ ಹಿಡಿದುಕೊಂಡು ಹೇಳಿದ ಮಾತುಗಳು, ಗಾಜಿನಾಚೆ ರೆಕಾರ್ಡ್ ಮಾಡುವ ಸೌಂಡಿನವನು ತಿರುಗಿ ಕೇಳಿಸಿದಾಗ, ಗಾಜಿನಷ್ಟು ನುಣುಪಾಗಿದ್ದವು. ಎಂದಿನ ಹುಡುಗ, ಎಂದಿನ ತರಲೆ. ಅವಳಿಗೆ ಹೋದ ಜೀವ ಬಂದಂತಾಯಿತು. ಮೈಕಿನ ಮುಂದೆ ಸರಿಯಿದೆ ಎಂದಮೇಲೆ ದೋಷ ಮನೆಯ ಧೂಳಿನದ್ದೇ ಎಂದು ತೀರ್ಮಾನಿಸಿ ಹಾಸಿಗೆ, ಪರದೆಗಳನ್ನೆಲ್ಲ ಒಗೆದು ಹಾಕಿದಳು.

ಧೂಳು ಹೋಯಿತು, ಭಯ ಹೋಗಲಿಲ್ಲ. ಇದೇ ಸರಣಿಯಲ್ಲಿ ಹೆಡ್‌ಮಾಸ್ಟರ್ ಆಗಿದ್ದವರಿಗೆ ಹಲ್ಲು ಕಟ್ಟಿಸಿದ ಮೇಲೆ ಮಾತು ಬದಲಾಗಿತ್ತು. ಒಂದು ಬುಧವಾರ ಅವರು ಬಂದಾಗ ಮೈಕಿನ ಮುಂದೆ ಬೇರೆಯವರು ನಿಂತಿದ್ದರು. ಯಾರೂ ಏನೂ ಹೇಳಿರಲಿಲ್ಲ. ಅವರು ಬಾಗಿಲಲ್ಲಿ ಒಂದು ನಿಮಿಷ ನಿಂತು, ಛತ್ರಿ ತೆಗೆದುಕೊಂಡು ಹೋದರು. ಪೋರನಿಗೆ ಕಣ್ಣು ಮುಚ್ಚಿದರೆ ಆ ಬುಧವಾರವೇ ಬರುತ್ತಿತ್ತು. ಹುಡುಗನಿಲ್ಲದಿದ್ದರೆ ತಾನು ಯಾರು? ಮಂಡಿನೋವಿನ ಒಬ್ಬ ಹೆಂಗಸು, ಅಷ್ಟೇ.

ಅವಳು ಬಾಯಿಗೆ ಬೀಗ ಹಾಕಿಕೊಂಡಳು. ಇರುವ ಧ್ವನಿಯನ್ನೆಲ್ಲ ಸ್ಟುಡಿಯೋಗೆಂದು ಉಳಿಸುವುದು, ಮನೆಯಲ್ಲಿ ಕೈಸನ್ನೆ, ಇಲ್ಲವೇ ಚೀಟಿ. 'ಅನ್ನ ಸಾಕು.' 'ನಲ್ಲಿ ಸೋರುತ್ತಿದೆ.' ಹತ್ತು ದಿನ ಚೀಟಿ ಓದಿದ ಸೊಸೆ ಹನ್ನೊಂದನೆಯ ದಿನ ಪಾತ್ರೆ ತೊಳೆಯುತ್ತಾ ಅತ್ತೇಬಿಟ್ಟಳು.

"ನನ್ನಿಂದ ಏನು ತಪ್ಪಾಯ್ತು ಅಂತ ಹೇಳಿಬಿಡಿ ಅತ್ತೆ. ಬೈಯ್ಯಿರಿ ಬೇಕಾದ್ರೆ. ಹೀಗೆ ಮಾತು ಬಿಟ್ರೆ ನಾನು ಹೇಗಿರಲಿ?"

ಚೀಟಿಯಲ್ಲಿ ಬರೆಯುವಂಥ ಸಂಗತಿ ಅದಾಗಿರಲಿಲ್ಲ. ಅತ್ತೆ ಬಾಯಿ ತೆರೆದಳು. ಆ ಧ್ವನಿ ಕೇಳಿದ್ದೇ ಸೊಸೆ ಕಣ್ಣೊರೆಸಿಕೊಂಡು, ಕೈಯ ಸೋಪಿನ ನೊರೆಯನ್ನೂ ತೊಳೆಯದೆ, ಆಸ್ಪತ್ರೆಗೆ ಫೋನ್ ಮಾಡಿದಳು.

ಗಂಟಲಿನ ಡಾಕ್ಟರು ಮೂಗಿನಿಂದ ತೆಳ್ಳನೆಯ ಕೊಳವೆ ಇಳಿಸಿ ಪರದೆ ತೋರಿಸಿದರು. ಹನ್ನೊಂದು ವರ್ಷ ಅನ್ನ ಹಾಕಿದ ಎರಡು ಧ್ವನಿತಂತುಗಳನ್ನು ಅವಳು ಅಂದೇ ಮೊದಲು ಕಂಡದ್ದು. ಎಡಗಡೆಯದರ ಮೇಲೆ ಬಿಳಿಯ ಕಲೆ ಕೂತಿತ್ತು.

"ಎಷ್ಟು ದಿನದಿಂದ ಹೀಗಿದೆ?"

"ಮೂರು ವಾರ."

"ಹೊಸದಾದ್ರೆ ಬರೀ ಊತ ಇರಬಹುದು. ಔಷಧಿ ತಗೊಂಡು, ಮಾತು ಕಮ್ಮಿ ಮಾಡಿ, ತಿಂಗಳು ಬಿಟ್ಟು ಬನ್ನಿ. ಹಳೇದಾಗಿದ್ರೆ ಇವತ್ತೇ ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸ್ತಿದ್ದೆ."

ಪರೀಕ್ಷೆ ಯಾವುದಕ್ಕೆಂದು ಅವಳು ಕೇಳಲಿಲ್ಲ. ಕೇಳದೆಯೂ ಅದು ಕ್ಯಾನ್ಸರಿಗೆಂದು ಗೊತ್ತಿತ್ತು. ಮೂರೇ ವಾರವಲ್ಲವೇ, ಮೂರೇ ವಾರ, ಎಂದು ಮನೆಯವರೆಗೂ ಹೇಳಿಕೊಂಡು ಬಂದಳು.

ಮಾತು ಕಮ್ಮಿ ಮಾಡಿ ಎಂದ ಡಾಕ್ಟರಿಗೆ ಇನ್ನೆರಡು ದಿನಕ್ಕೆ ಕಿರುಚುವ ಕಂತಿದೆ ಎಂದು ಅವಳು ಹೇಳಿರಲಿಲ್ಲ. ಗುರುವಾರ ಬೆಳಿಗ್ಗೆ ಮೈಕಿನ ಮುಂದೆ ನಿಂತಳು. ಪರದೆಯಲ್ಲಿ ಚಿಕ್ಕಮ್ಮ ಹುಡುಗನ ಪರೀಕ್ಷೆಯ ಹಾಳೆಗಳನ್ನು ಕೊಳೆಯಾಗಿವೆಯೆಂದು ಸೋಪು ಹಾಕಿ ತೊಳೆಯುತ್ತಿದ್ದಳು. ಹುಡುಗ ಬಾಗಿಲು ತೆರೆದ, ಕಂಡ, ಬಾಯಿ ತೆರೆದ. ಪೋರ ಉಸಿರೆಳೆದು ಕಿರುಚಿದಳು.

ಬರೀ ಗಾಳಿ ಬಂತು. ತೂತಾದ ಸೈಕಲ್ ಟ್ಯೂಬಿನಂತೆ ಒಂದು ಸುಯ್ಯೆಂಬ ಸದ್ದು, ಅಷ್ಟೇ. ಮುಗಿಯಿತು, ಇನ್ನು ಮುಚ್ಚಿಡುವುದು ಏನೂ ಇಲ್ಲ ಎಂದು ಗಾಜಿನ ಕಡೆ ತಿರುಗಿದಳು. ಸೌಂಡಿನವನು ತಲೆ ಎತ್ತದೆ ಗುಂಡಿ ಒತ್ತಿದ.

"ಓಕೆ. ಚೆನ್ನಾಗಿ ಬಂತು. ಮುಂದಿನದು."

ಬಾರದ ಧ್ವನಿ ಚೆನ್ನಾಗಿ ಬಂತೆನ್ನುವವನಿಗೆ ಏನೋ ಗೊತ್ತಿರಲೇಬೇಕು. ಬರಿಗಾಲಲ್ಲೇ ಹೊರಬಂದು ಅವನ ಕುರ್ಚಿಯ ಪಕ್ಕ ನಿಂತಳು.

"ಹಾಕು. ಕೇಳಿಸು."

"ಯಾಕೆ, ಚೆನ್ನಾಗೇ ಇದೆಯಲ್ಲ."

"ಹಾಕು ಅಂದೆ."

ಹಾಕಿದ. 'ಚಿಕ್ಕಮ್ಮಾ' ಎಂದು ಹುಡುಗ ಕಿವಿ ಗುಂಯ್ಗುಡುವಂತೆ ಕಿರುಚಿದ. ಆರು ವರ್ಷದ ಹಿಂದಿನ ಕಿರುಚಾಟ. ಹೆತ್ತವಳಿಗೆ ಮಗುವಿನ ದನಿ ಗೊತ್ತಾಗದೆ ಇರುತ್ತದೆಯೇ?

ಸೌಂಡಿನವನು ಒಳ್ಳೆಯ ಮನುಷ್ಯ. ಒಳ್ಳೆಯವನಾಗಿದ್ದದ್ದೇ ಎಡವಟ್ಟಾಯಿತು. ಆಂಡ್ರಾಯ್ಡಿಗೆ ಉಸಿರಿಲ್ಲವಲ್ಲ, ಹಾಗಾಗಿ ಚಿಕ್ಕಮ್ಮನ ಮಾತುಗಳಿಂದ ಉಸಿರು, ಕರಕರ, ಎಂಜಲಿನ ಸದ್ದು ಎಲ್ಲವನ್ನೂ ಅಳಿಸುವ ಯಂತ್ರವೊಂದು ಅವನ ಬಳಿ ಇತ್ತು. ಅದನ್ನೇ ಅವನು ಹುಡುಗನ ಮೇಲೂ ಓಡಿಸುತ್ತಿದ್ದ. ಮೊದಲು ಒಂದೆರಡು ಮಾತಿಗೆ, ಆಮೇಲೆ ಎಲ್ಲದಕ್ಕೂ. ತೊಳೆದರೂ ಸರಿಹೋಗದ ಕಡೆ ಹಳೆಯ ಕಂತಿನ ಧ್ವನಿಯನ್ನೇ ಅಂಟಿಸುತ್ತಿದ್ದ. ಅವಳಿಗೆ ಕೇಳಿಸುತ್ತಿದ್ದದ್ದು ತೊಳೆದು ಒಣಗಿಸಿದ ಧ್ವನಿ.

"ನಿಮಗೆ ಗೊತ್ತಾದ್ರೆ ಗಾಬರಿ ಆಗ್ತೀರಿ ಅಂತ," ಎಂದ ನೆಲ ನೋಡುತ್ತಾ. "ಮೇಲಿನವರಿಗೆ ಗೊತ್ತಾದ್ರೆ ಹೆಡ್‌ಮಾಸ್ಟರಿಗೆ ಮಾಡಿದ ಹಾಗೇ ಮಾಡ್ತಾರೆ. ನೀವು ಹೆದರಬೇಡಿ. ನಿಮ್ಮ ಹಳೇ ಮಾತು ಎಷ್ಟಿದೆ ಅಂದ್ರೆ ಇನ್ನೂ ಎರಡು ವರ್ಷ ಹುಡುಗನಿಗೆ ಏನೂ ಆಗಲ್ಲ."

"ಯಾವಾಗಿಂದ?"

ಅವನು ಕಿವಿಯ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ.

"ಯಾವಾಗಿಂದ ತೊಳೀತಾ ಇದ್ದೀಯ?"

ಅವನು ಪರದೆಯಲ್ಲಿ ಒಂದು ಸಾಲು ತೋರಿಸಿದ. ಮುಟ್ಟದೆ ಇಟ್ಟ ಮೂಲ ಧ್ವನಿಗಳು, ಒಂದೊಂದರ ಮುಂದೂ ತಾರೀಖು. ಮೊದಲನೆಯದು ಕಳೆದ ವರ್ಷದ್ದು. ಅವಳು ಬೆರಳು ಮಡಚಿ ಎಣಿಸಿದಳು. ಒಂದು ಕೈ ಮುಗಿದು ಎರಡನೆಯದೂ ಮುಗಿದ ಮೇಲೆ ಇನ್ನೊಂದು ಉಳಿಯಿತು. ಹನ್ನೊಂದು ತಿಂಗಳು.

ಅಲ್ಲೇ ಸ್ಟೂಲಿನ ಮೇಲೆ ಕೂತಳು. ಇಷ್ಟು ದಿನ ಹುಡುಗನಿಗೆ ಏನಾಗಿಬಿಡುತ್ತದೋ ಎಂದು ಅನ್ನ ನೀರು ಬಿಟ್ಟು ಹೆದರಿದ್ದಳು. ಹುಡುಗನಿಗೇನು, ಕಂಪ್ಯೂಟರಿನ ಪೆಟ್ಟಿಗೆಯೊಳಗೆ ಸುಖವಾಗಿದ್ದಾನೆ, ಅವನಿಗೆ ನೂರಾರು ಗಂಟಲಿವೆ. ಒಂದೇ ಗಂಟಲು ಇದ್ದದ್ದು ತನಗೆ. ಅದಕ್ಕಾಗಿ ಯಾರೂ ಹೆದರಿರಲಿಲ್ಲ, ತಾನೂ.

ಫೋನ್ ತೆಗೆದು ಡಾಕ್ಟರಿಗೆ ಮಾಡಿದಳು. ಗುರುತು ಹೇಳುವಷ್ಟರಲ್ಲಿ ಎರಡು ಸಲ ಧ್ವನಿ ಕೈಕೊಟ್ಟಿತು.

"ಮೂರು ವಾರ ಅಂದಿದ್ದೆ ಡಾಕ್ಟ್ರೇ. ಅಲ್ಲ. ಹನ್ನೊಂದು ತಿಂಗಳು."

"ನೆನಪು ಸರಿಯಾಗಿದೆಯಾ? ಹೆದರಿಕೆಗೆ ಜನ ಹಾಗೂ ಹೇಳ್ತಾರೆ."

ಅವಳು ಫೋನನ್ನು ಸ್ಪೀಕರಿನ ಹತ್ತಿರ ಹಿಡಿದು, ಹಾಕು ಎಂದು ಸನ್ನೆ ಮಾಡಿದಳು. ಸೌಂಡಿನವನು ತೊಳೆಯದ ಧ್ವನಿಗಳನ್ನು ತಾರೀಖಿನ ಪ್ರಕಾರ ಒಂದರ ಹಿಂದೊಂದು ಹಾಕಿದ. ಕಳೆದ ವರ್ಷದ 'ಚಿಕ್ಕಮ್ಮಾ'ದಲ್ಲಿ ಕೂದಲೆಳೆಯಷ್ಟು ಬಿರುಕು. ಎರಡನೆಯದರಲ್ಲಿ ಕೊನೆಯ ಅಕ್ಷರಕ್ಕೆ ಕರಕರ. ಮೂರನೆಯದರಲ್ಲಿ ಹುಡುಗನ ಅಡಿಯಿಂದ ಒಬ್ಬ ಮುದುಕ ಇಣುಕಿದ. ಎಲ್ಲವನ್ನೂ ಅವಳೂ ಅಂದೇ ಮೊದಲ ಸಲ ಕೇಳಿದ್ದು.

ನಾಲ್ಕನೆಯದು ಶುರುವಾಗುತ್ತಿದ್ದಂತೆ ಆ ಕಡೆಯಿಂದ ಡಾಕ್ಟರು, "ಸಾಕು ನಿಲ್ಲಿಸಿ. ತಿಂಗಳು ಕಾಯೋದು ಬೇಡ. ಮನೆಗೂ ಹೋಗಬೇಡಿ, ಈಗಲೇ ಇಲ್ಲಿಗೆ ಬನ್ನಿ," ಎಂದರು.